ನೇತ್ರಾಣಿ: ಕಡಲ ನಡುವಣ ಹದ್ದಿನ ನೆಲೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ನಿವಾಸಿಗೆ ಸಮುದ್ರವೆಂಬುದು ದೂರದ ನೆಂಟನಿದ್ದಂತೆ. ಇದೆಯೆಂದು ಬಲ್ಲ, ಕಂಡದ್ದು ಅಪರೂಪ. ಬೆಂಗಳೂರು ಕಡಲ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲಿನಲ್ಲಿ ಕುಳಿತಿರುವ ನಗರ. ಇಲ್ಲಿ ಹುಟ್ಟಿ ಬೆಳೆದ ಮಗುವಿನ ಕಿವಿಗೆ ಅಲೆಯ ಮೊರೆತ ಬೀಳಬೇಕಾದರೆ ಒಂದು ಇಡೀ ರಾತ್ರಿಯ ಪ್ರಯಾಣವಾಗಬೇಕು. ಇನ್ನು ದ್ವೀಪವಂತೂ ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದ ಒಂದು ವ್ಯಾಖ್ಯೆ ಮಾತ್ರ: ನಾಲ್ಕೂ ಕಡೆ ನೀರಿನಿಂದ ಆವೃತವಾದ ಭೂಭಾಗ.

ಆ ವ್ಯಾಖ್ಯೆಗೆ ಜೀವ ಬಂದುದು 2022ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ. ನಟ ಪುನೀತ್ ರಾಜಕುಮಾರ್ ಅವರು ತೀರಿಕೊಂಡು ಒಂದು ವರ್ಷವಾಗುವ ಹೊತ್ತಿಗೆ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಅವರು ಅಮೋಘವರ್ಷರೊಡನೆ ಕಾಡುಮೇಡುಗಳನ್ನು ಸುತ್ತಿ, ಕಡೆಗೆ ಕಡಲಿನಲ್ಲಿಯೂ ಮುಳುಗಿದರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಮೀನುಗಳ ನಡುವೆ ತೇಲುತ್ತಿದ್ದ ಆ ನಟನನ್ನು ಕಂಡು ಚಿತ್ರಮಂದಿರಗಳಲ್ಲಿ ಕಣ್ಣೊರೆಸಿಕೊಂಡವರು ಅನೇಕರು. ಅವರ ಸಮಾಧಿಯಿರುವುದು ರಾಜಾಜಿನಗರದ ಆಚೆಯ ಕಂಠೀರವ ಸ್ಟುಡಿಯೋದ ಆವರಣದಲ್ಲಿ, ತಂದೆ ರಾಜಕುಮಾರ್ ಅವರ ಸಮಾಧಿಯ ಬಳಿ. ಅಲ್ಲಿಗೆ ಹೂವು ತರುವ ಸಾವಿರಾರು ಜನರಲ್ಲಿ ಎಷ್ಟೋ ಮಂದಿಗೆ ಆ ಚಿತ್ರದಿಂದಲೇ ಒಂದು ಹೆಸರು ಪರಿಚಯವಾಯಿತು: ನೇತ್ರಾಣಿ.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್, ಹಳೆಯ ಲೆಕ್ಕದಲ್ಲಿ ಹನ್ನೆರಡು ಮೈಲಿ, ಅರಬ್ಬೀ ಸಮುದ್ರದೊಳಗೆ ಈ ದ್ವೀಪವಿದೆ. ಊರಿಲ್ಲ, ಮನೆಯಿಲ್ಲ, ಅಂಗಡಿಯಿಲ್ಲ. ಇರುವುದು ಕಡಿದಾದ ಬಂಡೆ, ದಟ್ಟವಾದ ಮರ, ಹಕ್ಕಿ, ಆಡು ಮತ್ತು ಸುತ್ತಲೂ ಹವಳ. ಕರ್ನಾಟಕದ ಕಡಲಿನಲ್ಲಿ ವನ್ಯಜೀವಿಗಳನ್ನು ಕಾಣಬಯಸುವವನಿಗೆ ಇದಕ್ಕಿಂತ ದೂರದ, ಇದಕ್ಕಿಂತ ಶ್ರೀಮಂತವಾದ ತಾಣ ಮತ್ತೊಂದು ಸಿಕ್ಕುವುದು ಕಷ್ಟ.

ಮನೆಗೆ ಹತ್ತಿರದ ನಡುಗಡ್ಡೆಗಳು

ಕಡಲ ದ್ವೀಪಕ್ಕೆ ಹೊರಡುವ ಮುನ್ನ ಹೊಳೆಯ ನಡುಗಡ್ಡೆಗಳನ್ನೊಮ್ಮೆ ನೆನೆಯುವುದು ಉಚಿತ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಸಾಗಿದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹಾದು ಶ್ರೀರಂಗಪಟ್ಟಣ ಸಿಕ್ಕುತ್ತದೆ. ಅದರ ಸಮೀಪದಲ್ಲಿಯೇ ಕಾವೇರಿಯ ಮಡಿಲಲ್ಲಿ ರಂಗನತಿಟ್ಟು.

ಈ ನಡುಗಡ್ಡೆಗಳು ಸೃಷ್ಟಿಯ ಕೈವಾಡದಷ್ಟೇ ಮನುಷ್ಯನ ಕೈವಾಡವೂ ಹೌದು. 1645ರಿಂದ 1648ರ ಅವಧಿಯಲ್ಲಿ ಮೈಸೂರಿನ ಅರಸರಾದ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದರು. ಅವರ ಉದ್ದೇಶ ಗದ್ದೆಗೆ ನೀರುಣಿಸುವುದು. ನೀರು ನಿಂತಾಗ ಎತ್ತರದ ನೆಲವೆಲ್ಲ ನಡುಗಡ್ಡೆಗಳಾಗಿ ಉಳಿದವು. ಮೇಲೆ ಮರಗಳು ಬೆಳೆದವು. ನರಿ, ಬೆಕ್ಕುಗಳ ಕಾಟ ತಪ್ಪಿತೆಂದು ಹಕ್ಕಿಗಳು ಬಂದು ಗೂಡು ಕಟ್ಟಿದವು. ಸುಮಾರು ಮೂರು ಶತಮಾನಗಳ ನಂತರ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದ ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿಯವರು ಈ ದೃಶ್ಯವನ್ನು ಕಂಡು ಬೆರಗಾದರು. ಅವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆನಿಸಿತು.

ಇಂದು ಅಲ್ಲಿ ದೋಣಿಯಲ್ಲಿ ಕುಳಿತ ಕುಟುಂಬವೊಂದು ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದಂಥ ಕೊಕ್ಕಿನ ಹಕ್ಕಿ, ಹಾವಕ್ಕಿ, ನೀರುಕಾಗೆಗಳನ್ನು ಕೈಚಾಚಿದರೆ ಸಿಕ್ಕುವಷ್ಟು ಹತ್ತಿರದಿಂದ ನೋಡಬಹುದು. ಬಂಡೆಯ ಮೇಲೆ ಬಾಯ್ತೆರೆದು ಬಿಸಿಲು ಕಾಯಿಸುವ ಮೊಸಳೆಯನ್ನು ಕಂಡು ಮಕ್ಕಳು ತಾಯಿಯ ಸೆರಗನ್ನು ಹಿಡಿಯುತ್ತಾರೆ. 2022ರಲ್ಲಿ ಈ ತಾಣಕ್ಕೆ ರಾಮ್ಸಾರ್ ಪಟ್ಟಿಯ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಕರ್ನಾಟಕದಲ್ಲಿ ಆ ಗೌರವವನ್ನು ಮೊದಲು ಪಡೆದುದು ಇದೇ.

ಆದರೆ ಕಾಪಾಡುವ ನೀರೇ ಕೆಲವೊಮ್ಮೆ ಕೊಲ್ಲುವುದೂ ಉಂಟು. 2018 ಮತ್ತು 2019ರ ಮಳೆಗಾಲಗಳಲ್ಲಿ ಕೃಷ್ಣರಾಜಸಾಗರದಿಂದ ಹೊರಬಿಟ್ಟ ಪ್ರವಾಹ ನಡುಗಡ್ಡೆಗಳ ಮೇಲೆ ನುಗ್ಗಿತು. ಮಣ್ಣು ಕೊಚ್ಚಿಹೋಯಿತು, ಮರಗಳು ವಾಲಿದವು. ಅರಣ್ಯ ಇಲಾಖೆಯವರು ಮರಳಿನ ಚೀಲಗಳನ್ನು ಒಟ್ಟಿ ದಡಗಳನ್ನು ಗಟ್ಟಿಮಾಡಬೇಕಾಯಿತು.

ವಿಜಯನಗರದ ಗೃಹಿಣಿ ಬೆಳಗ್ಗೆ ನಲ್ಲಿ ತಿರುಗಿಸಿದಾಗ ಬರುವ ಕಾವೇರಿಯ ನೀರು ಈ ನಡುಗಡ್ಡೆಗಳನ್ನು ಸವರಿಕೊಂಡು ಹರಿದು, ಮುಂದೆ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಸುಮಾರು ನೂರು ಕಿಲೋಮೀಟರ್ ದೂರ ಕೊಳವೆಗಳಲ್ಲಿ ಬೆಟ್ಟ ಹತ್ತಿ ಬಂದ ನೀರು. ಕೊಕ್ಕರೆಯ ಮರಿಯೂ ರಾಜಾಜಿನಗರದ ಮಗುವೂ ಒಂದೇ ಹೊಳೆಯ ನೀರನ್ನು ಕುಡಿಯುತ್ತವೆ. ಹೊಳೆಯ ನಡುಗಡ್ಡೆಯೊಡನೆ ನಗರಕ್ಕೆ ಇಂಥ ಪ್ರತ್ಯಕ್ಷ ನಂಟಿದೆ. ಕಡಲ ದ್ವೀಪದೊಡನೆ ನಂಟೇನು ಎಂಬುದನ್ನು ಮಾತ್ರ ಅಲ್ಲಿಗೆ ಹೋಗಿಯೇ ತಿಳಿಯಬೇಕು.

ಘಟ್ಟವನ್ನಿಳಿದು ದಡಕ್ಕೆ

ಬೆಂಗಳೂರಿನಿಂದ ಸಂಜೆ ಹೊರಟ ರೈಲುಗಾಡಿ ನಡುರಾತ್ರಿಯ ಹೊತ್ತಿಗೆ ಸಕಲೇಶಪುರವನ್ನು ದಾಟಿ ಘಟ್ಟವನ್ನು ಇಳಿಯತೊಡಗುತ್ತದೆ. ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಈ ದಾರಿಯಲ್ಲಿ 57 ಸುರಂಗಗಳು. ಕಿಟಕಿಯ ಬಳಿ ಎಚ್ಚತ್ತು ಕುಳಿತವನಿಗೆ ಕತ್ತಲೆಯೊಳಗೆ ಕತ್ತಲೆ ನುಗ್ಗಿದಂತೆ ಭಾಸವಾಗುತ್ತದೆ. ನಡುನಡುವೆ ಹಳ್ಳದ ಸದ್ದು, ಒದ್ದೆ ಎಲೆಯ ವಾಸನೆ. ಬೆಳಗಾಗುವಷ್ಟರಲ್ಲಿ ಗಾಡಿ ಕೊಂಕಣ ರೈಲುಮಾರ್ಗದಲ್ಲಿ ತೆಂಗಿನ ತೋಟಗಳ ಮಧ್ಯೆ ಓಡುತ್ತಿರುತ್ತದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗುವ ಮುನ್ನ ಈ ಕರಾವಳಿಗೆ ಬರಬೇಕಾದವರು ಮೋಟಾರಿನಲ್ಲಿಯೇ ಘಟ್ಟದ ತಿರುವುಗಳನ್ನು ಎಣಿಸಬೇಕಾಗಿತ್ತು.

ಮುರುಡೇಶ್ವರವನ್ನು ಬಣ್ಣಿಸುವ ಅಗತ್ಯವಿಲ್ಲ. ರಾವಣನು ಕೈಲಾಸದಿಂದ ತಂದ ಆತ್ಮಲಿಂಗ ಗೋಕರ್ಣದಲ್ಲಿ ನೆಲವನ್ನು ಕಚ್ಚಿತೆಂದೂ, ಸಿಟ್ಟಿನಿಂದ ಅವನು ಕಿತ್ತೆಸೆದ ಹೊದಿಕೆಯ ವಸ್ತ್ರ ಬಿದ್ದುದು ಇಲ್ಲಿಯ ಕಂದುಕಗಿರಿಯ ಮೇಲೆಂದೂ ಸ್ಥಳಪುರಾಣ ಹೇಳುತ್ತದೆ. ಮೂರು ಕಡೆಯೂ ಸಮುದ್ರವಿರುವ ಆ ಗುಡ್ಡದ ಮೇಲೆ 123 ಅಡಿ ಎತ್ತರದ ಶಿವನ ಮೂರ್ತಿ. ಎದುರಿಗೆ ಇಪ್ಪತ್ತು ಅಂತಸ್ತುಗಳ, 237 ಅಡಿಯ ರಾಜಗೋಪುರ. ಯಾತ್ರಿಕರಲ್ಲಿ ಹೆಚ್ಚಿನವರು ಶಿವನನ್ನು ನೋಡಿ, ಸಮುದ್ರಸ್ನಾನ ಮಾಡಿ ಮರಳುತ್ತಾರೆ. ಗಾಳಿ ತಿಳಿಯಾಗಿರುವ ದಿನ ಪಶ್ಚಿಮದ ಕಡೆ ಕಣ್ಣು ಕಿರಿದುಮಾಡಿ ನೋಡಿದವರಿಗೆ ಮಾತ್ರ ದಿಗಂತದ ಅಂಚಿನಲ್ಲಿ ನೀಲಿಯ ಮೇಲೆ ನೀಲಿಯಾಗಿ ಒಂದು ಗುಡ್ಡ ತೋರುತ್ತದೆ. ಅದೇ ನೇತ್ರಾಣಿ.

ಅಲ್ಲಿಗೆ ಹೋಗುವ ಕಾಲ ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಮುಂಗಾರು ಕಾಲಿಟ್ಟಿತೆಂದರೆ ಕಡಲು ಬಾಗಿಲು ಹಾಕಿಕೊಳ್ಳುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ತಿಂಗಳುಗಳಲ್ಲಿ ಮೀನುಗಾರಿಕೆಯೂ ನಿಷಿದ್ಧ. ಹಂಗಾಮಿನಲ್ಲಿ ಬೆಳಗಿನ ಹೊತ್ತು ದೋಣಿಗಳು ಹೊರಡುತ್ತವೆ. ಸುಮಾರು ಒಂದೂವರೆ ಗಂಟೆಯ ಪಯಣ. ಬಯಲುಸೀಮೆಯ ಹೊಟ್ಟೆಗೆ ಅಲೆಯ ತೂಗಾಟ ಒಗ್ಗುವುದಿಲ್ಲವಾದ್ದರಿಂದ ಅನುಭವಿಗಳು ಬೆಳಗಿನ ತಿಂಡಿಯನ್ನು ಹಗುರವಾಗಿಡುತ್ತಾರೆ. ಶಿವನ ಮೂರ್ತಿ ಮೊದಲು ಬೊಂಬೆಯಷ್ಟಾಗಿ, ಆಮೇಲೆ ಚುಕ್ಕೆಯಾಗಿ ಕರಗುತ್ತದೆ. ಎದುರಿನ ನೀಲಿಯ ಗುಡ್ಡ ಮೆಲ್ಲಗೆ ಹಸಿರಾಗುತ್ತದೆ.

ಹದ್ದುಗಳ ರಾಜ್ಯ

ಆಕಾಶದಿಂದ ನೋಡಿದರೆ ನೇತ್ರಾಣಿಯ ಆಕಾರ ಹೃದಯದಂತೆ. ದೋಣಿಯಿಂದ ನೋಡುವವನಿಗೆ ಮಾತ್ರ ಅದು ಒಂದು ಕೋಟೆ. ಕಪ್ಪು ಬಂಡೆಗಳು ನೆಟ್ಟಗೆ ನೀರಿನಿಂದೆದ್ದಿವೆ. ಮೇಲೆ ಹಸಿರಿನ ಕಿರೀಟ. ಮರಳಿನ ದಂಡೆಯಿಲ್ಲ, ಕಟ್ಟೆಯಿಲ್ಲ. ಪ್ರವಾಸಿಗರಿಗೆ ದ್ವೀಪವನ್ನು ಹತ್ತುವ ಅವಕಾಶವೂ ಇಲ್ಲ. ಬ್ರಿಟಿಷರು ಇದನ್ನು ‘ಪಿಜನ್ ಐಲೆಂಡ್’, ಅಂದರೆ ಪಾರಿವಾಳದ ದ್ವೀಪವೆಂದು ಕರೆದರು. ಬಂಡೆಯ ಸಂದುಗಳಲ್ಲಿ ಕಾಡುಪಾರಿವಾಳಗಳು ಇಂದಿಗೂ ಉಂಟು. ಆದರೆ ಈ ರಾಜ್ಯದ ಅರಸು ಪಾರಿವಾಳವಲ್ಲ. ಬಿಳಿಹೊಟ್ಟೆಯ ಕಡಲ ಹದ್ದು.

ಗರುಡನನ್ನು ಬಲ್ಲ ಕಣ್ಣಿಗೂ ಈ ಹಕ್ಕಿ ಅಚ್ಚರಿಯನ್ನುಂಟುಮಾಡುತ್ತದೆ. ಚಾಚಿದ ರೆಕ್ಕೆಗಳ ತುದಿಯಿಂದ ತುದಿಗೆ ಸುಮಾರು ಎರಡು ಮೀಟರ್, ಎಂದರೆ ಎತ್ತರದ ಆಳೊಬ್ಬನು ಮಲಗಿದಷ್ಟು ಉದ್ದ. ತಲೆ, ಎದೆ, ಹೊಟ್ಟೆ ಹಾಲಿನಂತೆ ಬೆಳ್ಳಗೆ; ಬೆನ್ನು, ರೆಕ್ಕೆ ಬೂದುಬಣ್ಣ; ಬಾಲ ಬೆಣೆಯ ಆಕಾರ. ಗಾಳಿಯಲ್ಲಿ ತೇಲುತ್ತ ತೇಲುತ್ತ ಒಮ್ಮೆಲೆ ಇಳಿದು, ನೀರಿನ ಮೇಲ್ಮೈಗೆ ಬಂದ ಮೀನನ್ನು ಉಗುರಿನಿಂದೆತ್ತಿ, ತುಸುವೂ ಮುಳುಗದೆ ಮೇಲೇರುತ್ತದೆ. ಮೀನಿನಂತೆಯೇ ಕಡಲ ಹಾವೂ ಅದಕ್ಕೆ ಇಷ್ಟವಾದ ಆಹಾರ. ವಿಷದ ಹಾವನ್ನು ಗೂಡಿಗೆ ಹೊತ್ತು ತಂದು ಮರಿಗೆ ಉಣಿಸುವ ಧೈರ್ಯ ಈ ಹಕ್ಕಿಯದು!

ಗೂಡೆಂದರೆ ಕಾಗೆಯ ಗೂಡಿನಂಥದಲ್ಲ. ದೊಡ್ಡ ಮರದ ಕವಲಿನಲ್ಲಿ ಕಟ್ಟಿಗೆಯ ರಾಶಿ. ಗಂಡುಹೆಣ್ಣು ಕೂಡಿ ವರ್ಷ ವರ್ಷವೂ ಅದೇ ಗೂಡಿಗೆ ಮರಳಿ, ಹೊಸ ಕಡ್ಡಿಗಳನ್ನು ಪೇರಿಸುತ್ತವೆ. ಇಡುವುದು ಸಾಮಾನ್ಯವಾಗಿ ಎರಡು ಮೊಟ್ಟೆ. ಎಷ್ಟೋ ಸಲ ಬದುಕಿ ಹಾರುವುದು ಒಂದೇ ಮರಿ. ಹೀಗಿರುವಲ್ಲಿ ಒಂದು ಮರ ಉರುಳಿದರೆ, ಒಂದು ಋತುವಿನಲ್ಲಿ ಗೂಡು ಬೆದರಿದರೆ, ಆ ನಷ್ಟ ತುಂಬಲು ಬಹುಕಾಲ ಬೇಕು. ಈ ಹದ್ದು ಬೇರೆಡೆ ಜೋಡಿ ಜೋಡಿಯಾಗಿ ದೂರ ದೂರ ಬಾಳುವ ಹಕ್ಕಿ. ಒಂದೇ ಸಣ್ಣ ದ್ವೀಪದ ಮೇಲೆ ಅನೇಕ ಜೋಡಿಗಳು ಒತ್ತೊತ್ತಾಗಿ ನೆಲಸಿರುವುದೇ ನೇತ್ರಾಣಿಯ ವಿಶೇಷ. ಆಹಾರ ಸಮೃದ್ಧ, ಮರ ಎತ್ತರ, ಮನುಷ್ಯ ದೂರ ಎಂಬ ಮೂರು ಸೌಭಾಗ್ಯಗಳು ಒಂದೆಡೆ ಕೂಡಿದ್ದರ ಫಲವಿದು.

ದ್ವೀಪದ ಗುಹೆಗಳಲ್ಲಿ ಇನ್ನೊಂದು ಬಗೆಯ ಹಕ್ಕಿಯಿದೆ. ಬಾನಾಡಿಗಳ ಬಳಗಕ್ಕೆ ಸೇರಿದ, ಗುಬ್ಬಚ್ಚಿಗಿಂತಲೂ ಸಣ್ಣದಾದ ಇದನ್ನು ಇಂಗ್ಲಿಷಿನವರು ಸ್ವಿಫ್ಟ್‌ಲೆಟ್ ಎನ್ನುತ್ತಾರೆ. ಹದ್ದು ಕಟ್ಟಿಗೆಯಿಂದ ಗೂಡು ಕಟ್ಟಿದರೆ ಇದು ತನ್ನ ಎಂಜಲಿನಿಂದಲೇ ಬಟ್ಟಲನ್ನು ಕಟ್ಟಿ ಬಂಡೆಗೆ ಅಂಟಿಸುತ್ತದೆ. ಬೆಳಕೇ ಇಲ್ಲದ ಗುಹೆಯೊಳಗೆ ಟಿಕ್ ಟಿಕ್ಕೆಂದು ಸದ್ದು ಮಾಡುತ್ತ, ಗೋಡೆಗೆ ತಗುಲಿ ಮರಳುವ ಪ್ರತಿಧ್ವನಿಯಿಂದ ದಾರಿ ತಿಳಿಯುತ್ತದೆ. ಬಾವಲಿಗೆ ಮಾತ್ರ ಸಿದ್ಧಿಸಿದೆಯೆಂದು ಜನ ತಿಳಿದಿರುವ ವಿದ್ಯೆ ಈ ಪುಟ್ಟ ಹಕ್ಕಿಗೂ ಉಂಟು. ಎಂಜಲಿನ ಗೂಡುಗಳಿಗೆ ಪೂರ್ವ ಏಷ್ಯದ ಶ್ರೀಮಂತರ ಭೋಜನದಲ್ಲಿ ಭಾರಿ ಬೆಲೆ. ಹೀಗಾಗಿ ಮಹಾರಾಷ್ಟ್ರದ ವೆಂಗುರ್ಲೆಯ ಸಮೀಪದ ಬಂಡೆದ್ವೀಪಗಳಲ್ಲಿ ಗೂಡುಗಳ್ಳರ ಕಾಟ ನಡೆದದ್ದುಂಟು.

ನೀರಿನ ಕೆಳಗಿನ ತೋಟ

ಹಕ್ಕಿಗಳನ್ನು ಕಾಣಲು ತಲೆಯೆತ್ತಬೇಕು. ನೇತ್ರಾಣಿಯ ಉಳಿದರ್ಧ ಸಂಪತ್ತನ್ನು ಕಾಣಲು ತಲೆ ತಗ್ಗಿಸಬೇಕು, ಸಾಧ್ಯವಾದರೆ ಮುಳುಗಬೇಕು. ಸ್ಕೂಬಾ ಎಂದು ಕರೆಯುವ ಈ ಮುಳುಗು ವಿದ್ಯೆಯ ತರಬೇತುದಾರರು ಮುರುಡೇಶ್ವರದಲ್ಲಿದ್ದಾರೆ. ಈಜು ಬಾರದವರನ್ನೂ ಕೈಹಿಡಿದು ಕೆಳಗಿಳಿಸುತ್ತಾರೆ. ಮೊದಲು ಬರುವುದು ಭಯ; ಕಿವಿಯಲ್ಲಿ ಒತ್ತಡ; ತನ್ನ ಉಸಿರಿನ ಸದ್ದೇ ತನಗೆ ಗುಡುಗಿನಂತೆ ಕೇಳುವ ವಿಚಿತ್ರ. ಅನಂತರ ಕಣ್ಣು ತೆರೆಯುತ್ತದೆ.

ಅಲ್ಲಿರುವುದು ತೋಟವೆಂದು ತೋರಿದರೂ ಗಿಡಗಳಲ್ಲ. ಹವಳವೆಂಬುದು ಪ್ರಾಣಿ. ಅಕ್ಕಿಕಾಳಿನಷ್ಟು ಸಣ್ಣ ಜೀವಿಗಳು ಲಕ್ಷೋಪಲಕ್ಷವಾಗಿ ಕೂಡಿ, ಸುಣ್ಣವನ್ನು ಸ್ರವಿಸಿ, ತಲೆಮಾರಿನ ಮೇಲೆ ತಲೆಮಾರು ಕಟ್ಟಿದ ಊರು ಅದು. ಪ್ರತಿಯೊಂದು ಹವಳಜೀವಿಯ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ಬಾಡಿಗೆಗಿವೆ. ಪಾಚಿ ಬಿಸಿಲಿನಿಂದ ಆಹಾರವನ್ನು ತಯಾರಿಸಿ ಒಡೆಯನಿಗೆ ಕೊಡುತ್ತದೆ. ಒಡೆಯ ಪಾಚಿಗೆ ಆಶ್ರಯ ಕೊಡುತ್ತಾನೆ. ಹವಳದ ಬಣ್ಣದಲ್ಲಿ ಬಹುಪಾಲು ಈ ಬಾಡಿಗೆದಾರನದೇ.

ಈ ಊರಿನ ಬೀದಿಗಳಲ್ಲಿ ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ ಅಡ್ಡಾಡುತ್ತವೆ. ಗಿಳಿಯಂಥ ಕೊಕ್ಕಿನ ಗಿಳಿಮೀನು ಬಂಡೆಯನ್ನು ಕಟಕಟನೆ ಕೆರೆದು ಪಾಚಿ ತಿನ್ನುತ್ತದೆ. ಸಂದಿಯಿಂದ ಹಾವುಮೀನು ಬಾಯಿ ತೆರೆದು ಮುಚ್ಚಿ ನೋಡುತ್ತದೆ. ಅದೃಷ್ಟವಿದ್ದವರಿಗೆ ಕಡಲಾಮೆಯೊಂದು ನಿಧಾನವಾಗಿ ರೆಕ್ಕೆ ಬೀಸುವಂತೆ ಕೈ ಬೀಸುತ್ತ ಹಾದುಹೋಗುವುದು ಕಾಣಬಹುದು. ಇನ್ನೂ ಅದೃಷ್ಟವಿದ್ದವರಿಗೆ ತಿಮಿಂಗಿಲ ಶಾರ್ಕಿನ ದರ್ಶನವೂ ಆದದ್ದುಂಟು. ಹನ್ನೆರಡು ಮೀಟರನ್ನೂ ಮೀರಿ ಬೆಳೆಯಬಲ್ಲ, ಜಗತ್ತಿನ ಅತಿ ದೊಡ್ಡ ಮೀನು ಅದು. ಹೆಸರು ಕೇಳಿ ಹೆದರುವ ಕಾರಣವಿಲ್ಲ. ಅದು ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನೂ ಪುಟ್ಟ ಮೀನುಗಳನ್ನೂ ಮಾತ್ರ.

ಕಾನೂನು ಈ ಜೀವಿಗಳ ಪಕ್ಷಕ್ಕೆ ಬಂದುದು ತೀರ ಈಚೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅತ್ಯುಚ್ಚ ರಕ್ಷಣೆಯ ಪಟ್ಟಿಗೆ ತಿಮಿಂಗಿಲ ಶಾರ್ಕನ್ನೂ ಬಂಡೆ ಕಟ್ಟುವ ಹವಳಗಳನ್ನೂ ಸೇರಿಸಿದುದು 2001ರಲ್ಲಿ. ಹುಲಿಗೆ ಯಾವ ಸ್ಥಾನವೋ ಹವಳಕ್ಕೂ ಅದೇ ಸ್ಥಾನ. ನೆನಪಿಗೆಂದು ಒಂದು ತುಂಡನ್ನು ಮುರಿದು ಜೇಬಿಗೆ ಹಾಕುವುದು ಹುಲಿಯುಗುರನ್ನು ಕದ್ದಷ್ಟೇ ಅಪರಾಧ.

ಆದರೆ ಕಾನೂನಿಗೆ ಸಗ್ಗದ ಶತ್ರುವೊಂದಿದೆ: ಬಿಸಿ. ಸಮುದ್ರದ ನೀರು ಬೇಸಗೆಯ ಸಾಮಾನ್ಯ ಮಟ್ಟಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರಗಳ ಕಾಲ ನಿಂತರೆ ಸಾಕು, ಹವಳ ತನ್ನ ಬಾಡಿಗೆದಾರನನ್ನು ಹೊರಗಟ್ಟುತ್ತದೆ. ಬಣ್ಣ ಕಳೆದುಕೊಂಡು ಎಲುಬಿನಂತೆ ಬಿಳುಪೇರುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998ರಲ್ಲಿ ಜಗತ್ತಿನ ಹವಳಗಳಿಗೆ ಈ ಜಾಡ್ಯ ವ್ಯಾಪಕವಾಗಿ ಬಡಿಯಿತು. 2023–24ರಲ್ಲಿ ನಾಲ್ಕನೆಯ ಸಲ ಜಗದ್ವ್ಯಾಪಿಯಾಗಿ ಹಬ್ಬಿತು. ಲಕ್ಷದ್ವೀಪದ ಹವಳಗಳೂ ಅದಕ್ಕೆ ತುತ್ತಾದವು. ಮೈಸೂರು ರಸ್ತೆಯ ಮೋಟಾರುಗಳು ಉಗುಳುವ ಹೊಗೆ ಆ ಬಿಸಿಯಲ್ಲಿ ತನ್ನ ಅಲ್ಪಪಾಲನ್ನು ಸಲ್ಲಿಸುತ್ತದೆ. ಕಡಲ ದ್ವೀಪದೊಡನೆ ನಗರದ ನಂಟೇನೆಂಬ ಪ್ರಶ್ನೆಗೆ ಇದೊಂದು ಉತ್ತರ, ಹೆಮ್ಮೆಪಡುವ ಉತ್ತರವಲ್ಲ.

ಮೀನುಗಾರನ ಹರಕೆ

ದ್ವೀಪದ ಇಳಿಜಾರಿನಲ್ಲಿ ಆಡುಗಳು ಮೇಯುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಹನ್ನೆರಡು ಮೈಲಿ ಈಜಿ ಬಂದ ಆಡುಗಳೇ? ಅಲ್ಲ. ಸುತ್ತಲಿನ ಮೀನುಗಾರರು ಹರಕೆಯಾಗಿ ತಂದು ಬಿಟ್ಟ ಆಡುಗಳ ಸಂತತಿ ಅದು. ಕರಾವಳಿಯ ಮೀನುಗಾರನಿಗೆ ನೇತ್ರಾಣಿ ವಿನೋದದ ಸ್ಥಳವಲ್ಲ, ಪೂಜೆಯ ಸ್ಥಳ. ಬಿರುಗಾಳಿಯಲ್ಲಿ ದಿಕ್ಕು ತಪ್ಪಿದವನಿಗೆ ಆ ಗುಡ್ಡವೇ ಗುರುತು, ಅದರ ಮರೆಯೇ ಆಸರೆ. ಬದುಕಿ ಬಂದವನು ದೇವರಿಗೆ ಆಡು, ಕೋಳಿ ಹೇಳಿಕೊಳ್ಳುವುದು ಸಹಜ. ಬೇರೆ ಬೇರೆ ಮತಗಳ ಮೀನುಗಾರರು ಒಂದೇ ದ್ವೀಪಕ್ಕೆ ಕೈಮುಗಿಯುತ್ತ ಬಂದಿದ್ದಾರೆ. ಅಲೆಯೆದುರು ಎಲ್ಲರ ದೋಣಿಯೂ ಒಂದೇ ಅಲ್ಲವೆ?

ಈ ಭಕ್ತಿಯಲ್ಲಿ ಒಂದು ವಿವೇಕವೂ ಅಡಗಿದೆ. ಹವಳದ ಬಂಡೆಗಳ ಸಂದುಗೊಂದುಗಳಲ್ಲಿ ಎಷ್ಟೋ ಜಾತಿಯ ಮೀನಿನ ಮರಿಗಳು ಬೆಳೆಯುತ್ತವೆ. ದ್ವೀಪದ ಸುತ್ತಣ ನೀರು ಮೀನಿನ ಶಿಶುವಿಹಾರವಿದ್ದಂತೆ. ದೊಡ್ಡ ಬಲೆಯ ಯಾಂತ್ರಿಕ ದೋಣಿಗಳು ತಳವನ್ನೇ ಗೋರುತ್ತ ಹತ್ತಿರ ಬಂದರೆ ಹವಳವೂ ಮುರಿಯುತ್ತದೆ, ಮರಿಯೂ ಮುಗಿಯುತ್ತದೆ. ಹರಿದು ಬಂಡೆಗೆ ಸಿಕ್ಕಿಕೊಂಡ ಬಲೆ ಒಡೆಯನಿಲ್ಲದೆಯೇ ವರ್ಷಗಟ್ಟಲೆ ಮೀನನ್ನೂ ಆಮೆಯನ್ನೂ ಕೊಲ್ಲುತ್ತಿರುತ್ತದೆ. ಆಗ ಬರಿಗೈಯಲ್ಲಿ ಮರಳುವವನು ಮೊದಲು ನಾಡದೋಣಿಯ ಬಡವ.

ಮೀನುಗಾರನನ್ನೇ ರಕ್ಷಕನನ್ನಾಗಿ ಮಾಡಿಕೊಳ್ಳುವುದು ಅಸಾಧ್ಯವಲ್ಲ ಎಂಬುದಕ್ಕೆ ಗುಜರಾತಿನ ಉದಾಹರಣೆಯಿದೆ. ಅಲ್ಲಿಯ ಕರಾವಳಿಯಲ್ಲಿ ಒಂದು ಕಾಲದಲ್ಲಿ ತಿಮಿಂಗಿಲ ಶಾರ್ಕುಗಳನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2004ರಲ್ಲಿ ವನ್ಯಜೀವಿ ಸಂಸ್ಥೆಯೊಂದು ಕಥಾವಾಚಕ ಮೊರಾರಿ ಬಾಪು ಅವರ ನೆರವನ್ನು ಕೋರಿತು. ಹೆರಿಗೆಗೆಂದು ತವರಿಗೆ ಬರುವ ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೆ, ಆ ಮೀನೂ ನಿಮ್ಮ ಕಡಲಿಗೆ ಬಂದ ಮಗಳೇ ಎಂಬ ಭಾವನೆಯನ್ನು ಅವರು ಜನರಲ್ಲಿ ತುಂಬಿದರು. ಅದಕ್ಕೆ ‘ವ್ಹಾಲಿ’, ಅಂದರೆ ಮುದ್ದಿನವಳು ಎಂಬ ಹೆಸರೂ ಬಂದಿತು. ಅಂದಿನಿಂದ ಬಲೆಗೆ ಸಿಕ್ಕ ಆ ಮೀನನ್ನು ತಮ್ಮ ಬಲೆಯನ್ನೇ ಕತ್ತರಿಸಿ ಬಿಟ್ಟ ಮೀನುಗಾರರ ಸಂಖ್ಯೆ ಬೆಳೆಯುತ್ತ ಬಂದಿದೆ. ಬಲೆಯ ಬೆಲೆಗೆ ಪರಿಹಾರವನ್ನೂ ಕೊಡಲಾಗುತ್ತದೆ. ಭಾವನೆಗೆ ಬೆಲೆಯ ಆಸರೆಯೂ ಇದ್ದರೆ ಮಾತ್ರ ಹಸಿದವನ ಕೈ ಧರ್ಮ ಮಾಡೀತು.

ಗುರಿಹಲಗೆಯಾದ ದ್ವೀಪ

ನೇತ್ರಾಣಿಯ ಕಥೆಯಲ್ಲಿ ವಿಷಾದದ ಅಧ್ಯಾಯವೂ ಒಂದುಂಟು. ನಿರ್ಜನವಾದ ದ್ವೀಪವೆಂಬ ಕಾರಣಕ್ಕೆ ನೌಕಾಪಡೆ ಇದನ್ನು ಗುರಿಯ ಅಭ್ಯಾಸಕ್ಕೆ ಬಳಸಿಕೊಂಡಿತು. ದೂರದಿಂದ ಸಿಡಿಸಿದ ಗುಂಡುಗಳ ಚಿಪ್ಪುಗಳು ಬಂಡೆಗಳ ಮೇಲೆಯೂ ನೀರಿನೊಳಗೂ ಕಂಡುಬಂದಿವೆ. ಪರಿಸರಪ್ರೇಮಿಗಳು, ಕಡಲ ಜೀವಶಾಸ್ತ್ರಜ್ಞರು ಇದನ್ನು ಪ್ರತಿಭಟಿಸಿದರು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಇಲ್ಲಿ ಖಳನಾಯಕನನ್ನು ಹುಡುಕುವುದು ಸುಲಭ, ಆದರೆ ನ್ಯಾಯವಲ್ಲ. ದೇಶದ ತೀರವನ್ನು ಕಾಯುವವರಿಗೆ ಅಭ್ಯಾಸ ಬೇಕು. ಜನವಸತಿಯ ಮೇಲೆ ಗುಂಡು ಹಾರಿಸಲಾಗದು. ನಿರ್ಜನವಾದ ಬಂಡೆ ಅವರ ಕಣ್ಣಿಗೆ ಅನುಕೂಲವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ತಪ್ಪಿರುವುದು ‘ನಿರ್ಜನ’ವೆಂಬ ಮಾತಿನ ಅರ್ಥದಲ್ಲಿ. ಜನರಿಲ್ಲವೆಂದ ಮಾತ್ರಕ್ಕೆ ಯಾರೂ ಇಲ್ಲವೆಂದಾಗಲಿಲ್ಲ. ಮೊಟ್ಟೆಯ ಮೇಲೆ ಕುಳಿತ ತಾಯಿಹದ್ದಿಗೆ ಸಿಡಿಮದ್ದಿನ ಸದ್ದು ಶತ್ರುವಿನದೋ ಮಿತ್ರನದೋ ತಿಳಿಯದು. ಅದು ಹಾರಿಹೋದ ಅರ್ಧ ಗಂಟೆಯ ಬಿಸಿಲು ಮೊಟ್ಟೆಯೊಳಗಿನ ಜೀವಕ್ಕೆ ಸಾಕು.

ದೂರವೇ ನೇತ್ರಾಣಿಯನ್ನು ಇಷ್ಟು ಕಾಲ ಕಾಪಾಡಿದ್ದು. ದೂರದಲ್ಲಿದೆಯೆಂಬ ಕಾರಣಕ್ಕೇ ಅದು ಗುರಿಹಲಗೆಯೂ ಆದದ್ದು. ಈಗ ದೋಣಿಗಳು, ಚಲನಚಿತ್ರ, ಕೈಯಲ್ಲಿನ ಫೋನಿನ ಚಿತ್ರಗಳು ಆ ದೂರವನ್ನು ಅಳಿಸುತ್ತಿವೆ. ಇದರಲ್ಲಿ ಕೇಡೂ ಇದೆ, ಒಳಿತೂ ಇದೆ. ಯಾರೂ ಕಾಣದ ದ್ವೀಪಕ್ಕೆ ಗುಂಡು ಬಿದ್ದರೆ ಕೇಳುವವರಿಲ್ಲ. ಹತ್ತು ಸಾವಿರ ಜನ ಕಂಡು ಪ್ರೀತಿಸಿದ ದ್ವೀಪಕ್ಕೆ ಹತ್ತು ಸಾವಿರ ಸಾಕ್ಷಿಗಳಿದ್ದಾರೆ. ಆದರೆ ಅದೇ ಹತ್ತು ಸಾವಿರ ಜನರ ಲಂಗರುಗಳು, ಕಾಲಿನ ರಬ್ಬರಿನ ರೆಕ್ಕೆಗಳು, ತಿಂಡಿಯ ಪೊಟ್ಟಣಗಳು ನೂರಾರು ವರ್ಷಗಳಲ್ಲಿ ಬೆಳೆದ ಹವಳವನ್ನು ಹತ್ತು ವರ್ಷಗಳಲ್ಲಿ ಮುಗಿಸಲೂ ಬಲ್ಲವು.

ನೋಡುವವನ ಋಣ

ಹಾಗಾದರೆ ಹೋಗುವುದು ಬೇಡವೆ? ಹೋಗಬೇಕು, ಆದರೆ ಅತಿಥಿಯಾಗಿ. ನೆಂಟರ ಮನೆಗೆ ಹೋದವರು ಅವರ ಅಟ್ಟವನ್ನು ಹತ್ತುವುದಿಲ್ಲ, ತೊಟ್ಟಿಲ ಮಗುವನ್ನು ಕೂಗಿ ಎಬ್ಬಿಸುವುದಿಲ್ಲ. ಕಡಲ ಮನೆಯಲ್ಲಿಯೂ ಮರ್ಯಾದೆ ಇಷ್ಟೇ.

ದೋಣಿಯವನು ಲಂಗರನ್ನು ಹವಳದ ಮೇಲೆ ಎಸೆಯುತ್ತಿದ್ದರೆ ಕೇಳುವ ಹಕ್ಕು ಹಣ ಕೊಟ್ಟವನಿಗಿದೆ. ಕಟ್ಟಲು ತೇಲುಗುಂಡಿನ ಹಗ್ಗವಿದೆಯೇ ಎಂದು ಹೊರಡುವ ಮುನ್ನವೇ ವಿಚಾರಿಸಬಹುದು. ನೀರಿನೊಳಗೆ ಏನನ್ನೂ ಮುಟ್ಟಬಾರದು. ಬೆರಳ ಸ್ಪರ್ಶವೇ ಹವಳದ ಮೈಯ ಲೋಳೆಯನ್ನು ಕೀಳುತ್ತದೆ. ಮೀನಿಗೆ ಬಿಸ್ಕತ್ತು ಹಾಕುವುದು ಪ್ರೀತಿಯಂತೆ ಕಂಡರೂ ಅದು ಅವುಗಳ ಬದುಕನ್ನು ಕೆಡಿಸುವ ಔದಾರ್ಯ. ಗೂಡಿನ ಕಾಲದಲ್ಲಿ ಬಂಡೆಗಳ ತೀರ ಸಮೀಪ ಎಂಜಿನ್ನಿನ ಗದ್ದಲ, ಕೂಗಾಟ ಸಲ್ಲದು. ಹದ್ದನ್ನು ನೋಡಲು ಒಂದು ದುರ್ಬೀನು ಸಾಕು. ಕೊಂಡೊಯ್ದ ಪ್ಲಾಸ್ಟಿಕ್ ಚೀಲ ಮನೆಗೇ ಮರಳಬೇಕು.

ಕಡಲನ್ನು ಕಾಣಲಾಗದವರಿಗೂ ಮಾಡಲು ಕೆಲಸವಿದೆ. ಭಾನುವಾರ ಬೆಳಗ್ಗೆ ಕೆಂಗೇರಿಯಿ೦ದ ಹೊರಟು ರಂಗನತಿಟ್ಟಿನ ದೋಣಿಯಲ್ಲಿ ಮಕ್ಕಳನ್ನು ಕೂರಿಸಿ, ಮಾತಿಲ್ಲದೆ ಅರ್ಧ ಗಂಟೆ ನೋಡುವುದನ್ನು ಕಲಿಸಬಹುದು. ಹೊಳೆಯಲ್ಲಿ ಕಲಿತ ಈ ಮೌನ ಕಡಲಿನಲ್ಲಿ ಉಪಯೋಗಕ್ಕೆ ಬರುತ್ತದೆ. ದ್ವೀಪವನ್ನು ನೋಡಬಲ್ಲ ಕಣ್ಣು ಒಂದು ದಿನದಲ್ಲಿ ಬರುವುದಲ್ಲ.

ಸಂಜೆ ಮುರುಡೇಶ್ವರದ ದಂಡೆಗೆ ಮೀನಿನ ದೋಣಿಗಳು ಮರಳುವ ಹೊತ್ತಿನಲ್ಲಿ ನೇತ್ರಾಣಿಯ ಮರಗಳಿಗೆ ಹದ್ದುಗಳೂ ಮರಳುತ್ತವೆ. ಬುಟ್ಟಿಗಳಲ್ಲಿ ಬಂಗಡೆ, ತಾರ್ಲೆ, ಉಗುರುಗಳಲ್ಲಿಯೂ ಅದೇ. ಇಬ್ಬರದೂ ಒಂದೇ ಸಮುದ್ರದ ದುಡಿಮೆ, ಇಬ್ಬರಿಗೂ ಮನೆಯಲ್ಲಿ ಕಾಯುವ ಬಾಯಿಗಳು. ಆ ಸಮುದ್ರ ಇಬ್ಬರಿಗೂ ಸಾಕಾಗುವಷ್ಟು ದೊಡ್ಡದು. ಸಾಕೆನ್ನುವ ಮಾತನ್ನು ಮನುಷ್ಯ ಕಲಿತರೆ.